ವಿಷದ ಜಾಡು ಹಿಡಿಯುವ ನೌಕರಿ

ಕೆಮಿಸ್ಟ್ರಿ ಓದಿದ ಹುಡುಗ ಔಷಧ ಕಂಪನಿ ಸೇರುತ್ತಾನೆ, ಇಲ್ಲವೇ ನನ್ನ ಹಾಗೆ ಮೇಷ್ಟ್ರಾಗುತ್ತಾನೆ ಎಂಬುದು ಬಹುಪಾಲು ತಂದೆ ತಾಯಂದಿರ ಲೆಕ್ಕ. ಆ ಲೆಕ್ಕಕ್ಕೆ ಸಿಗದ ಉದ್ಯೋಗವೊಂದಿದೆ: ರಾಸಾಯನಿಕ ಅಸ್ತ್ರಗಳ ತಪಾಸಣಾಧಿಕಾರಿ.

ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ 1997ರಲ್ಲಿ ಜಾರಿಗೆ ಬಂದ ಒಪ್ಪಂದದ ಕಾವಲುಗಾರ. ಸದಸ್ಯ ದೇಶಗಳು 193. ಭಾರತ ತನ್ನಲ್ಲಿದ್ದ ದಾಸ್ತಾನನ್ನು ತಾನೇ ಘೋಷಿಸಿ, 2009ರಲ್ಲಿ ನಾಶ ಮಾಡಿ ಮುಗಿಸಿತು. ಜಗತ್ತಿನಲ್ಲಿ ಘೋಷಿತವಾಗಿದ್ದ 72 ಸಾವಿರ ಟನ್ನಿಗೂ ಮಿಕ್ಕ ವಿಷದ ಕೊನೆಯ ಪಾಲು 2023ರ ಜುಲೈನಲ್ಲಿ ಅಮೆರಿಕದ ಕೆಂಟಕಿಯಲ್ಲಿ ನಾಶವಾಯಿತು.

ಹಾಗಾದರೆ ಇವರಿಗೆ ಇನ್ನೇನು ಕೆಲಸ? ಬಾಲ್‌ಪಾಯಿಂಟ್ ಪೆನ್ನಿನ ಶಾಯಿಗೆ, ಬಟ್ಟೆಯ ಬಣ್ಣಕ್ಕೆ ಥಯೋಡೈಗ್ಲೈಕಾಲ್ ಎಂಬ ದ್ರವ ಬೇಕು. 1917ರಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೈ ಸುಟ್ಟ ಮಸ್ಟರ್ಡ್ ಅನಿಲಕ್ಕೆ ಅದು ಒಂದೇ ಹೆಜ್ಜೆ ದೂರ. ಕಾರ್ಖಾನೆ ಮುಚ್ಚಿಸುವಂತಿಲ್ಲ, ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಆದ್ದರಿಂದ ಅಧಿಕಾರಿಗಳು ಹೋಗಿ ಲೆಕ್ಕದ ಪುಸ್ತಕ, ಟ್ಯಾಂಕು, ಕೊಳವೆಗಳನ್ನು ತಾಳೆ ನೋಡುತ್ತಾರೆ. ಅಗತ್ಯವಾದರೆ ಮಾದರಿ ತೆಗೆದು, ಹೊತ್ತು ತಂದ ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ಒಪ್ಪಂದಕ್ಕೆ ಸಂಬಂಧಿಸಿದ ರಾಸಾಯನಿಕಗಳನ್ನಷ್ಟೇ ತೋರಿಸಿ ಉಳಿದವನ್ನು ಮರೆಮಾಡುವಂತೆ ಆ ಯಂತ್ರವನ್ನು ಹೊಂದಿಸಬಹುದು. ಕಂಪನಿಯ ವ್ಯಾಪಾರ ಗುಟ್ಟು ಉಳಿಯಬೇಕಲ್ಲ! ಈ ಜಾಣತನ ನನಗೆ ಬಹಳ ಹಿಡಿಸಿತು.

ಇನ್ನು ಜಾಡಿನ ವಿಷಯ. 1988ರ ಆಗಸ್ಟ್‌ನಲ್ಲಿ ಇರಾಕಿನ ಕುರ್ದಿಷ್ ಹಳ್ಳಿ ಬಿರ್ಜಿನ್ನಿಯ ಮೇಲೆ ಬಾಂಬು ಬಿದ್ದವು. ನಾಲ್ಕು ವರ್ಷ ಮಳೆ ಬಿಸಿಲು ಕಂಡ ಮೇಲೆ, 1992ರಲ್ಲಿ ಅಲ್ಲಿನ ಮಣ್ಣನ್ನು ಪರೀಕ್ಷಿಸಿದಾಗ ಸಾರಿನ್ ಮತ್ತು ಮಸ್ಟರ್ಡ್ ವಿಘಟನೆಯಾಗಿ ಉಳಿದ ಪದಾರ್ಥಗಳು ಸಿಕ್ಕವು. ಬದುಕುಳಿದವರ ಮಾತಿಗೆ ಮಣ್ಣೇ ಸಾಕ್ಷಿ ನುಡಿಯಿತು.

ಕೆಲಸಕ್ಕೆ ರಸಾಯನ ವಿಜ್ಞಾನ ಅಥವಾ ಕೆಮಿಕಲ್ ಎಂಜಿನಿಯರಿಂಗ್ ಪದವಿಯ ಜೊತೆಗೆ ಹಲವು ವರ್ಷಗಳ ಅನುಭವ, ಒಳ್ಳೆಯ ಇಂಗ್ಲಿಷು, ಮುಖವಾಡ ಮತ್ತು ರಕ್ಷಣಾ ಉಡುಪಿನಲ್ಲಿ ದುಡಿಯುವ ದೇಹದಾರ್ಢ್ಯ ಬೇಕು. ಮದ್ದುಗುಂಡು ಬಲ್ಲವರಿಗೂ, ವೈದ್ಯಕೀಯದವರಿಗೂ ಅವಕಾಶವುಂಟು. ಪಾಲಕರು ಎರಡು ಮಾತು ತಿಳಿದಿರಲಿ. ಇದು ಪೆನ್ಷನ್‌ವರೆಗಿನ ನೌಕರಿಯಲ್ಲ. ಸಾಮಾನ್ಯವಾಗಿ ಏಳು ವರ್ಷದ ಮಿತಿ. ಅಪಾಯವೂ ಇದೆ. 2013ರಲ್ಲಿ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮರುವರ್ಷದ ಮೇ ತಿಂಗಳಲ್ಲೇ ಸಿರಿಯಾದಲ್ಲಿ ಅದರ ತಂಡದ ವಾಹನಗಳ ಮೇಲೆ ದಾಳಿಯಾಯಿತು.

ಅನುಭವಕ್ಕೆ ಹೇಗ್‌ವರೆಗೆ ಹೋಗಬೇಕಿಲ್ಲ. ಗ್ವಾಲಿಯರಿನಲ್ಲಿ ಡಿಆರ್‌ಡಿಒ ಪ್ರಯೋಗಾಲಯ ಇದೇ ವಿಷಗಳ ಪತ್ತೆ ಮತ್ತು ರಕ್ಷಣೆಯ ಕೆಲಸ ಮಾಡುತ್ತಿದೆ. ಎಂ.ಎಸ್ಸಿ.ಯಲ್ಲಿ ಅನಾಲಿಟಿಕಲ್ ಕೆಮಿಸ್ಟ್ರಿ ಆರಿಸಿಕೊಳ್ಳುವ ವಿದ್ಯಾರ್ಥಿಗೆ ಅದು ಮೊದಲ ಮೆಟ್ಟಿಲಾಗಬಹುದು.