ಸಂಚಕಾರ ಕೊಟ್ಟ ಮೇಲೆ

‘ಸಂಚಕಾರ’ವೆಂಬ ಮಾತಿಗೆ ನಮ್ಮ ಕಡೆಯಲ್ಲಿ ಎರಡು ಅರ್ಥಗಳುಂಟು. ಎತ್ತನ್ನಾಗಲಿ ಹೊಲವನ್ನಾಗಲಿ ಕೊಳ್ಳಲು ಮಾತು ಮುಗಿದಾಗ ಕೊಡುವ ಮುಂಗಡ ಹಣವೆಂಬದು ಒಂದು. ಬಂದೊದಗಿದ ಕೇಡೆಂಬದು ಇನ್ನೊಂದು. ಒಂದೇ ಶಬ್ದದಲ್ಲಿ ಇವೆರಡನ್ನೂ ಅಡಗಿಸಿಟ್ಟ ನಮ್ಮ ಹಿರಿಯರು ವ್ಯವಹಾರದ ಮರ್ಮವನ್ನು ಬಲ್ಲವರೆಂದೇ ಹೇಳಬೇಕು. ಇತ್ತಿತ್ತಲಾಗಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಗೃಹಸ್ಥರಲ್ಲಿಯೂ ಹುಬ್ಬಳ್ಳಿಗೆ ಹೋಗಿ ವಿದ್ಯುತ್ ಕಾರಿಗೆ ಸಂಚಕಾರ ಕೊಡುವವರಿದ್ದಾರೆ. ಕೊಟ್ಟ ಬಳಿಕ ಮನಸ್ಸು ಡೋಲಾಯಮಾನವಾಗಿ ಹಿಂದೆಗೆಯುವವರೂ ಇದ್ದಾರೆ. ಇಂಥವರನ್ನು ಚಂಚಲಚಿತ್ತರೆಂದು ನಗುವದು ಸುಲಭ. ಆದರೆ ಹಿಂದೆಗೆಯುವದಕ್ಕೆ ಸತ್ಕಾರಣಗಳೂ ಉಂಟು, ಬರಿಯ ಗಾಳಿಮಾತುಗಳೂ ಉಂಟು. ಅವನ್ನು ಅಕ್ಕಿಯಿಂದ ಹರಳನ್ನು ಆರಿಸಿದಂತೆ ಬೇರ್ಪಡಿಸಿ ನೋಡುವದು ವಾಚಕರಿಗೆ ಉಪಯುಕ್ತವಾದೀತು.

ಈ ವಾಹನವು ಕನ್ನಡ ನಾಡಿಗೆ ತೀರ ಹೊಸದಲ್ಲ. ಬೆಂಗಳೂರಿನ ಮೈನಿ ಮನೆತನದವರು 2001ರಲ್ಲಿ ‘ರೇವಾ’ ಎಂಬ ಚಿಕ್ಕ ವಿದ್ಯುತ್ ಕಾರನ್ನು ಮಾರಾಟಕ್ಕೆ ತಂದರು. ಸೀಸದ ಬ್ಯಾಟರಿಯ ಆ ಗಾಡಿಯು ಒಂದು ಸಲ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಲಂಡನ್ ನಗರದಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಆ ಕಂಪನಿಯು ಮಹೀಂದ್ರಾದವರ ಕೈಸೇರಿತು. 2013ರಲ್ಲಿ ‘ಇ2ಒ’ ಎಂಬ ಹೊಸ ಕಾರು ಬಂದು, ಕೆಲವು ವರ್ಷಗಳಲ್ಲಿ ಅದೂ ನಿಂತುಹೋಯಿತು. ಇಂದು ಹಿಂಜರಿಯುವ ಗೃಹಸ್ಥನು ಕೇಳುವ ಪ್ರಶ್ನೆಗಳು—ಎಷ್ಟು ದೂರ ಓಡೀತು, ಬ್ಯಾಟರಿ ಎಷ್ಟು ವರ್ಷ ಬಾಳೀತು, ಕಂಪನಿಯವರು ಈ ಮಾದರಿಯನ್ನೇ ನಿಲ್ಲಿಸಿದರೆ ಬಿಡಿಭಾಗಗಳಿಗೆ ಎಲ್ಲಿ ಹೋಗಬೇಕು—ಆಗಲೂ ಇದ್ದವು. ಉತ್ತರಗಳು ಮಾತ್ರ ಈಗ ಬಹುಮಟ್ಟಿಗೆ ಬದಲಾಗಿವೆ.

ಹಿಂದೆಗೆಯುವವರಲ್ಲಿ ಮೊದಲನೆಯ ವರ್ಗವು ಅವಸರದಿಂದ ಸಂಚಕಾರ ಕೊಟ್ಟವರದು. 2022ರ ಅಕ್ಟೋಬರ 10ರಂದು ಟಾಟಾದವರು ‘ಟಿಯಾಗೋ’ ವಿದ್ಯುತ್ ಕಾರಿಗೆ 21,000 ರೂಪಾಯಿಯ ಮುಂಗಡ ಪಡೆಯಲಾರಂಭಿಸಿದರು. 8.49 ಲಕ್ಷದಿಂದ ಮೊದಲಾಗುವ ಆರಂಭದ ಬೆಲೆಯು ಮೊದಲಿನ 10,000 ಜನರಿಗೆ ಮಾತ್ರವೆಂದು ಸಾರಿದ್ದರಿಂದ ಒಂದೇ ದಿನದಲ್ಲಿ ಅಷ್ಟೂ ಬೇಡಿಕೆಗಳು ಬಂದವು. ಆ ಮೇಲೆ ಅದೇ ಬೆಲೆಯನ್ನು ಇನ್ನೂ 10,000 ಜನರಿಗೆ ವಿಸ್ತರಿಸಿದರು. ಬೆಲೆ ಏರೀತೆಂಬ ಭಯವು ಮನುಷ್ಯನನ್ನು ಎಷ್ಟು ಬೇಗ ಅಂಗಡಿಗೆ ಓಡಿಸುತ್ತದೆಂಬದಕ್ಕೆ ಇದು ಸಾಕ್ಷಿ. ಆದರೆ ಮುಂದೇನಾಯಿತು? ಬ್ಯಾಟರಿಯ ಬೆಲೆ ಇಳಿದ ಕಾರಣ 2024ರ ಫೆಬ್ರುವರಿಯಲ್ಲಿ ಅದೇ ಕಂಪನಿಯವರು ಟಿಯಾಗೋದ ಬೆಲೆಯನ್ನು 70,000 ರೂಪಾಯಿಗಳ ವರೆಗೂ, ‘ನೆಕ್ಸಾನ್’ ವಿದ್ಯುತ್ ಕಾರಿನದನ್ನು 1.2 ಲಕ್ಷದ ವರೆಗೂ ಇಳಿಸಿದರು. ಕಾದವನು ಲಾಭ ಹೊಂದಿದನು. ಅವಸರಪಟ್ಟವನ ಗಾಡಿಯ ಮರುಮಾರಾಟದ ಬೆಲೆ ತಗ್ಗಿತು. ‘ಇಂದೇ ಕೊಡದಿದ್ದರೆ ನಾಳೆ ಸಿಗದು’ ಎಂಬ ಮಾತಿಗೆ ಮರುಳಾಗಿ ಸಂಚಕಾರ ಕೊಟ್ಟವನು ಮನೆಗೆ ಬಂದು ಮರುವಿಚಾರ ಮಾಡಿದರೆ ಅದನ್ನು ದೋಷವೆನ್ನಲಾಗದು.

ಎರಡನೆಯ ಕಾರಣವು ತೆರಿಗೆಯದು. ವಿದ್ಯುತ್ ಕಾರುಗಳ ಮೇಲಿನ ಜಿ.ಎಸ್.ಟಿ. 2019ರ ಆಗಸ್ಟ 1ರಿಂದ ಶೇಕಡಾ 5ಕ್ಕೆ ಇಳಿದಿತ್ತು. ಅಂದಿನಿಂದ ಪೆಟ್ರೋಲ್ ಕಾರಿಗೂ ಇದಕ್ಕೂ ಇದ್ದ ತೆರಿಗೆಯ ಅಂತರವೇ ಇದರ ದೊಡ್ಡ ಬಲವಾಗಿತ್ತು. ಆದರೆ 2025ರ ಸಪ್ಟೆಂಬರ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ತೆರಿಗೆಯು 28ರಿಂದ 18ಕ್ಕೆ ಇಳಿದು, ಅವುಗಳ ಬೆಲೆಯೂ ಇಳಿಯಿತು. ಅದಕ್ಕೆ ಮೊದಲು ವಿದ್ಯುತ್ ಕಾರಿಗೆ ಮುಂಗಡ ಕೊಟ್ಟಿದ್ದವನು ಲೆಕ್ಕವನ್ನು ಮತ್ತೊಮ್ಮೆ ಹಾಕಿದ್ದರೆ ಅದು ನ್ಯಾಯವೇ ಸರಿ. ರಾಜ್ಯದ ತೆರಿಗೆಯೂ ಸ್ಥಿರವಲ್ಲ. 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಕರ್ನಾಟಕದಲ್ಲಿ 2024ರಲ್ಲಿ ಶೇಕಡಾ 10ರ ಆಜೀವ ತೆರಿಗೆ ಬಂದಿತು. ಮುಂಗಡ ಕೊಟ್ಟ ದಿನದ ನಿಯಮವೇ ನೋಂದಣಿಯ ದಿನಕ್ಕೂ ಇರುತ್ತದೆಂದು ನಂಬಿ ಕೂಡದೆ, ಸಾರಿಗೆ ಕಚೇರಿಯಲ್ಲಿ ಅಂದಂದಿನ ದರವನ್ನು ಕೇಳಿ ತಿಳಿಯತಕ್ಕದ್ದು.

ಈಗ ಮನೆಯ ಲೆಕ್ಕಕ್ಕೆ ಬರೋಣ. ವಿದ್ಯುತ್ ಕಾರಿಗೆ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಎರಡೂವರೆ ಲಕ್ಷ ರೂಪಾಯಿ ಹೆಚ್ಚು ಬೀಳುತ್ತದೆಂದು ಹಿಡಿಯೋಣ. ಪೆಟ್ರೋಲು ಲೀಟರಿಗೆ 100 ರೂಪಾಯಿ, ಲೀಟರಿಗೆ 16 ಕಿಲೋಮೀಟರು. ವಿದ್ಯುತ್ತು ಯೂನಿಟ್ಟಿಗೆ 6 ರೂಪಾಯಿ, ಯೂನಿಟ್ಟಿಗೆ 7 ಕಿಲೋಮೀಟರು ಎಂದು ದುಂಡು ಅಂಕಗಳನ್ನು ಇಟ್ಟುಕೊಳ್ಳೋಣ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಆಗಾಗ ಹೋಗಿಬರುವ ಒಬ್ಬ ವ್ಯಾಪಾರಸ್ಥನು ತಿಂಗಳಿಗೆ 1,000 ಕಿಲೋಮೀಟರು ಓಡಿಸಿದರೆ ಪೆಟ್ರೋಲಿಗೆ 6,250 ರೂಪಾಯಿ ಬೇಕು. ವಿದ್ಯುತ್ತಿಗೆ ಸುಮಾರು 143 ಯೂನಿಟ್ಟು, ಎಂದರೆ 860 ರೂಪಾಯಿಯಷ್ಟು ಸಾಕು.

ಇಲ್ಲಿ ಗೃಹಿಣಿಯು ಒಂದು ಆಕ್ಷೇಪವೆತ್ತುವಳು; ಅದು ಯೋಗ್ಯವಾದ ಆಕ್ಷೇಪ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ ಅಷ್ಟು ಯೂನಿಟ್ಟುಗಳನ್ನು ಪುಕ್ಕಟೆ ಕೊಡುತ್ತಾರೆ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಹಣ. ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲನ್ನೇ ಕೊಡಬೇಕು. ತಿಂಗಳಿಗೆ 90 ಯೂನಿಟ್ಟು ಬಳಸುವ ಮನೆಯಲ್ಲಿ ಕಾರಿನ 143 ಸೇರಿದರೆ 233 ಆಗಿ, ಪುಕ್ಕಟೆಯ ದೀಪವು ಅಷ್ಟಕ್ಕೇ ಆರುತ್ತದೆ. ಸಂಚಕಾರ ಕೊಟ್ಟು ಮನೆಗೆ ಬಂದವನನ್ನು ಈ ಒಂದು ಮಾತೇ ಹಿಂದಿರುಗಿಸಬಲ್ಲದು. ಆದರೂ ಲೆಕ್ಕವನ್ನು ಪೂರ್ತಿ ಮಾಡಬೇಕು. 233 ಯೂನಿಟ್ಟಿನ ಬಿಲ್ಲು ಸುಮಾರು 1,400 ರೂಪಾಯಿ. ಸ್ಥಿರ ಶುಲ್ಕವೇ ಮೊದಲಾದವನ್ನು ಕೂಡಿಸಿದರೂ ಈ ವ್ಯಾಪಾರಸ್ಥನಿಗೆ ತಿಂಗಳಿಗೆ ಸುಮಾರು 4,500 ರೂಪಾಯಿ ಉಳಿಯುತ್ತದೆ. ಎರಡೂವರೆ ಲಕ್ಷದ ಹೆಚ್ಚಿನ ಬೆಲೆಯು ನಾಲ್ಕೂವರೆ ವರ್ಷದ ಸುಮಾರಿಗೆ ಮರಳಿ ಬರುತ್ತದೆ. ಇವನು ಗೃಹಜ್ಯೋತಿಯ ಭಯದಿಂದ ಹಿಂದೆಗೆದರೆ ಹಣತೆಯ ಎಣ್ಣೆಯನ್ನು ಉಳಿಸಲು ಹೋಗಿ ಕೊಡವನ್ನೇ ಚೆಲ್ಲಿಕೊಂಡಂತೆ.

ಇನ್ನೊಬ್ಬ ಗೃಹಸ್ಥನನ್ನು ನೋಡೋಣ. ಇವನು ಒಕ್ಕಲುತನದವನು; ದಿನದ ಓಡಾಟಕ್ಕೆ ಮೋಟಾರು ಸೈಕಲ್ಲಿದೆ. ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ, ಸವದತ್ತಿಯ ಎಲ್ಲಮ್ಮನ ದರ್ಶನಕ್ಕೆ ಎಂದು ತಿಂಗಳಿಗೆ 200 ಕಿಲೋಮೀಟರು ಕಾರು ಓಡಿದರೆ ಹೆಚ್ಚು. ಇವನಿಗೆ ತಿಂಗಳಿಗೆ ಉಳಿಯುವದು 1,100 ರೂಪಾಯಿಯ ಆಸುಪಾಸು. ಹೆಚ್ಚಿನ ಬೆಲೆ ಮರಳಲು ಸುಮಾರು 19 ವರ್ಷ ಬೇಕು! ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಭರವಸೆಯೋ 8 ವರ್ಷ ಅಥವಾ 1,60,000 ಕಿಲೋಮೀಟರಿನದು. ಇಂಥವನು ಸಂಚಕಾರ ಕೊಟ್ಟಿದ್ದರೂ ಹಿಂದೆಗೆಯುವದೇ ಜಾಣತನ. ಒಂದೇ ಕಾರು, ಒಂದೇ ಬೆಲೆ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಭೇದವಿರುವದು ಕಾರಿನಲ್ಲಿ ಅಲ್ಲ, ಓಡಾಟದಲ್ಲಿ. ಆದುದರಿಂದ ಕಾರಿನ ಗುಣಾವಗುಣಗಳನ್ನು ಕೇಳುವ ಮೊದಲು ತನ್ನ ತಿಂಗಳ ಓಡಾಟವನ್ನು ಬರೆದಿಡಬೇಕು.

ಮೂರನೆಯದಾಗಿ, ಮನೆಯ ವಿದ್ಯುತ್ ಜೋಡಣೆಯನ್ನು ನೋಡಬೇಕು. 15 ಆಂಪಿಯರಿನ ಸಾಕೆಟ್ಟಿನಿಂದ ಚಾರ್ಜು ಮಾಡುವ ಸಾಮಾನ್ಯ ಉಪಕರಣವು 3 ಕಿಲೋವ್ಯಾಟಿನಷ್ಟು ಎಳೆಯುತ್ತದೆ. 24 ಯೂನಿಟ್ಟಿನ ಬ್ಯಾಟರಿ ತುಂಬಲು ಎಂಟೊಂಬತ್ತು ತಾಸು ಬೇಕು. ನಮ್ಮ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಮಂಜೂರಾದ ಭಾರವೇ ಒಂದೆರಡು ಕಿಲೋವ್ಯಾಟು. ತಂತಿಗಳೂ ದೀಪಕ್ಕೆ ಫ್ಯಾನಿಗೆ ಸಾಕಾಗುವಂಥವು. ಮೇಲಾಗಿ ನವಲಗುಂದ ಕುಂದಗೋಳಗಳ ಎರೆಭೂಮಿಯು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಒಣಗಿದ ನೆಲದಲ್ಲಿ ಅರ್ಥಿಂಗು ಸರಿಯಾಗಿ ಹಿಡಿಯದು. ಅರ್ಥಿಂಗು ಸರಿಯಿಲ್ಲದಿದ್ದರೆ ಇಂದಿನ ಕಾರುಗಳು ಸುರಕ್ಷಿತತೆಗಾಗಿ ಚಾರ್ಜನ್ನೇ ತೆಗೆದುಕೊಳ್ಳವು. ಹೊಸ ಕಾರು ಬಾಗಿಲಿಗೆ ಬಂದ ದಿನವೇ ಚಾರ್ಜು ಹಿಡಿಯದೆ ನಿಂತರೆ ತಪ್ಪು ಕಾರಿನದಲ್ಲ, ಹೊಂಡದ್ದು. ಆದುದರಿಂದ ಮೊದಲೇ ಬಲ್ಲ ಎಲೆಕ್ಟ್ರಿಶಿಯನ್ನನನ್ನು ಕರೆಯಿಸಿ ತಂತಿ, ಅರ್ಥಿಂಗುಗಳನ್ನು ಪರೀಕ್ಷಿಸಿ, ಹೆಸ್ಕಾಂ ಕಚೇರಿಯಲ್ಲಿ ಭಾರ ಹೆಚ್ಚಿಸುವ ಖರ್ಚನ್ನು ಕೇಳಬೇಕು. ವಿದ್ಯುದ್ವಾಹನಗಳ ಚಾರ್ಜಿಗೆ ಬೇರೆ ದರಪಟ್ಟಿಯೂ ಉಂಟು. ಬೇರೊಂದು ಮೀಟರು ಕೂಡ್ರಿಸಿದರೆ ಗೃಹಜ್ಯೋತಿಗೆ ಧಕ್ಕೆ ಬಾರದೇ ಎಂಬದನ್ನೂ ಅಲ್ಲಿಯೇ ವಿಚಾರಿಸತಕ್ಕದ್ದು. ಬಾಡಿಗೆಯ ಮನೆಯವನಾದರೆ ಮನೆಯ ಒಡೆಯನ ಒಪ್ಪಿಗೆ ಮೊದಲು.

ನಾಲ್ಕನೆಯದು ದೂರದ ಮಾತು. ಜಾಹೀರಾತಿನಲ್ಲಿ ಕಾಣುವ ಕಿಲೋಮೀಟರುಗಳು ಪ್ರಯೋಗಶಾಲೆಯ ಪರೀಕ್ಷೆಯವು. ಟಿಯಾಗೋದ 24 ಯೂನಿಟ್ಟಿನ ಬ್ಯಾಟರಿಗೆ 2022ರಲ್ಲಿ 315 ಕಿಲೋಮೀಟರೆಂದು ಸಾರಿದ್ದರು. ದಾರಿಯ ಮೇಲೆ ಇಂಥ ಅಂಕದ ಮೂರರಲ್ಲಿ ಎರಡು ಪಾಲು ಸಿಕ್ಕೀತೆಂದು ಹಿಡಿಯುವದು ಕ್ಷೇಮ. ನಮ್ಮ ತಾಲೂಕು ಸ್ಥಳಗಳಿಂದ ಹುಬ್ಬಳ್ಳಿಗೆ 20ರಿಂದ 40 ಕಿಲೋಮೀಟರು. ಹೋಗಿ ಬರಲು ಯಾವ ಕಾರಾದರೂ ಸಾಕು. ಆದರೆ ಮಗನು ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ 400 ಕಿಲೋಮೀಟರು ಹೋಗಬೇಕಾದವನು ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ಅಲ್ಲಿಯ ಚಾರ್ಜಿನ ಯಂತ್ರ ನಡೆಯುತ್ತಿದೆಯೋ ಕೆಟ್ಟಿದೆಯೋ ಎಂಬದನ್ನು ನೋಡಿಯೇ ನಿರ್ಧರಿಸಬೇಕು.

ಐದನೆಯದು ಬ್ಯಾಟರಿಯ ಕರಾರು. 2024ರ ಸಪ್ಟೆಂಬರಿನಲ್ಲಿ ಎಂ.ಜಿ. ಕಂಪನಿಯವರು ‘ವಿಂಡ್ಸರ್’ ಕಾರನ್ನು 9.99 ಲಕ್ಷಕ್ಕೆ ಎಂದು ತಂದರು. ಆದರೆ ಆ ಬೆಲೆಯಲ್ಲಿ ಬ್ಯಾಟರಿ ಸೇರಿರಲಿಲ್ಲ. ಅದಕ್ಕೆ ಕಿಲೋಮೀಟರಿಗೆ 3.5 ರೂಪಾಯಿಯ ಬಾಡಿಗೆ ಬೇರೆ. ಇದರಲ್ಲಿ ಮೋಸವಿಲ್ಲ, ಎಲ್ಲವೂ ಬರೆದದ್ದೇ. ಆದರೆ ದೊಡ್ಡ ಅಕ್ಷರವನ್ನು ಮಾತ್ರ ಓದಿ ಸಂಚಕಾರ ಕೊಟ್ಟವನು ಸಣ್ಣ ಅಕ್ಷರವನ್ನು ಓದಿದ ದಿನ ಹಿಂದೆಗೆಯುವದು ಸಹಜ. ಹಾಗೆಯೇ ಕೆಲವು ಕಂಪನಿಗಳ ದೀರ್ಘಕಾಲದ ಭರವಸೆಯು ಮೊದಲ ಒಡೆಯನಿಗೆ ಮಾತ್ರ ಸಲ್ಲುತ್ತದೆ. ಗಾಡಿಯನ್ನು ಮಾರಿದರೆ ಆ ಭರವಸೆ ಕೊಂಡವನ ಜೊತೆಗೆ ಹೋಗದು. ರಿಪೇರಿಯ ಸೌಕರ್ಯವನ್ನೂ ಇಲ್ಲಿಯೇ ಕೇಳಬೇಕು. ಡೀಜಲ್ ಜೀಪನ್ನು ಬಿಚ್ಚಿ ಕೂಡಿಸಬಲ್ಲ ನಮ್ಮೂರ ಮೇಸ್ತ್ರಿಯು ಇದರ ಬ್ಯಾಟರಿಗೆ ಕೈಹಚ್ಚಲಾರನು, ಹಚ್ಚಲೂ ಬಾರದು. ಕೆಟ್ಟರೆ ಹುಬ್ಬಳ್ಳಿಗೆ ಹೊತ್ತೊಯ್ಯುವವರಾರು, ಖರ್ಚು ಯಾರದು ಎಂಬದನ್ನು ಬರಹದಲ್ಲಿ ಪಡೆಯಬೇಕು.

ಇನ್ನು ಗಾಳಿಮಾತುಗಳು. ಮಳೆಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬದು ಒಂದು. ಇಂದಿನ ಕಾರುಗಳ ಬ್ಯಾಟರಿಗಳನ್ನು ಸಾಮಾನ್ಯವಾಗಿ ಒಂದು ಮೀಟರು ಆಳದ ನೀರಿನಲ್ಲಿ 30 ನಿಮಿಷವಿದ್ದರೂ ನೀರು ಒಳಗಿಳಿಯದಂತೆ ಮುಚ್ಚಿ ಪರೀಕ್ಷಿಸಿರುತ್ತಾರೆ. ಹಾಗೆಂದು ಉಕ್ಕಿ ಹರಿಯುವ ಬೆಣ್ಣಿಹಳ್ಳದಲ್ಲಿ ಇಳಿಸಬಹುದೆಂದಲ್ಲ. ಅಲ್ಲಿ ಯಾವ ಕಾರನ್ನೂ ಇಳಿಸಬಾರದು. ಘಟ್ಟ ಹತ್ತಲಾರದೆಂಬದು ಇನ್ನೊಂದು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ಣ ಎಳೆತವಿರುತ್ತದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟವನ್ನು ಇಳಿಯುವಾಗಲಂತೂ ಇಳಿತದ ವೇಗದಿಂದ ಬ್ಯಾಟರಿಗೆ ಸ್ವಲ್ಪ ಚಾರ್ಜು ಮರಳಿ ತುಂಬುತ್ತದೆ. ಎಲ್ಲವೂ ಉರಿದುಹೋಗುತ್ತವೆಂಬದು ಮೂರನೆಯದು. 2022ರಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ್ದು ನಿಜ. ಅದರ ಬಳಿಕ ಕೇಂದ್ರ ಸರಕಾರವು ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಇಂಥ ಮಾತುಗಳನ್ನು ನಂಬಿ ಹಿಂದೆಗೆಯುವವನು ನೆರೆಯವರ ಭಯಕ್ಕೆ ತನ್ನ ಹಣದಿಂದ ದಂಡ ತೆತ್ತಂತೆ.

ಹಿಂದೆಗೆಯಲೇಬೇಕಾದರೆ ಅದಕ್ಕೂ ಒಂದು ರೀತಿಯುಂಟು. ಮನಸ್ಸು ಬದಲಾಯಿತೆಂಬ ಮಾತ್ರಕ್ಕೆ ಸಂಚಕಾರವು ಮರಳಲೇಬೇಕೆಂದು ವಾದಿಸಲಾಗದು. ಎಷ್ಟು ಮರಳುತ್ತದೆಂಬದು ಮುಂಗಡದ ಪತ್ರದಲ್ಲಿಯ ಕರಾರಿನ ಮೇಲಿದೆ. ಹೇಳಿಕೆಯನ್ನು ಬರಹದಲ್ಲಿ ಕೊಟ್ಟು ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯು ತನ್ನ ಹೆಸರಿನಲ್ಲಿ ನೋಂದಣಿಯಾಗುವ ಮೊದಲು, ಬ್ಯಾಂಕಿನ ಸಾಲದ ಹಣ ಅಂಗಡಿಗೆ ಸಂದಾಯವಾಗುವ ಮೊದಲು ತಿಳಿಸಬೇಕು. ಅನಂತರ ಅದು ಹಿಂದೆಗೆಯುವದಲ್ಲ, ಹಳೆಯ ಗಾಡಿಯನ್ನು ಮಾರುವದಾಗುತ್ತದೆ. ಮಾರುವವನೇ ಮಾತು ತಪ್ಪಿ ಗಡುವು ಮೀರಿದರೆ ಅಥವಾ ಒಪ್ಪಿದ ಬೆಲೆ ಬಿಟ್ಟು ಹೆಚ್ಚು ಕೇಳಿದರೆ, 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣ ಕಾಯದೆಯ ಆಧಾರದಿಂದ ಧಾರವಾಡದ ಜಿಲ್ಹಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 1915 ಎಂಬ ದೂರವಾಣಿಯಲ್ಲಿಯೂ ಸಲಹೆ ಸಿಗುತ್ತದೆ.

ಕೊಟ್ಟ ಮಾತಿಗೆ ತಪ್ಪಬಾರದೆಂಬದು ನಮ್ಮ ಮನೆಗಳ ಒಳ್ಳೆಯ ಸಂಸ್ಕಾರ. ಆದರೆ ಮಾತು ಕೊಡುವ ಮೊದಲು ಯೋಚಿಸಬೇಕೆಂಬದೂ ಅದೇ ಸಂಸ್ಕಾರದ ಇನ್ನೊಂದು ಮುಖ. ಮನೆಮಂದಿಯೆಲ್ಲ ಒಂದು ಸಂಜೆ ಕುಳಿತು ತಿಂಗಳ ಓಡಾಟ, ವಿದ್ಯುತ್ತಿನ ಬಿಲ್ಲು, ಸಾಲದ ಕಂತು, ಬ್ಯಾಟರಿಯ ಕರಾರು ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದರೆ, ಮನೆಯ ಉಳಿತಾಯವೆಲ್ಲ ಒಂದು ಸಹಿಗೆ ಹೋಗುವ ಅಪಾಯ ತಪ್ಪೀತು. ಆ ಹಾಳೆಯು ಕೊಳ್ಳೆಂದರೆ ನೆರೆಯವರ ನಗೆಗೆ ಅಂಜದೆ ಕೊಳ್ಳಬೇಕು. ಬೇಡವೆಂದರೆ ಅಂಗಡಿಯವನ ಮುಖದಾಕ್ಷಿಣ್ಯಕ್ಕೆ ಒಳಗಾಗದೆ ಬಿಡಬೇಕು. ಸಂಚಕಾರದ ಎರಡನೆಯ ಅರ್ಥವು ಮನೆಯೊಳಗೆ ಕಾಲಿಡದಂತೆ ಕಾಯುವ ಉಪಾಯವು ಇಷ್ಟೇ.