ಎರಡು ಎಂಜಿನುಗಳ ಸ್ವಂತ ವಿಮಾನ

ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳವರಿಗೆ ಹುಬ್ಬಳ್ಳಿಯ ವಿಮಾನ ನಿಲ್ದಾಣವು ಸಮೀಪ. ಹಿರೇಕೆರೂರಿನವರಿಗೆ 2023ರಲ್ಲಿ ತೆರೆದ ಶಿವಮೊಗ್ಗೆಯದು ಸಮೀಪ. ಅಲ್ಲಿ ದೊಡ್ಡ ವಿಮಾನಗಳನ್ನು ಕಂಡ ವಾಚಕರಿಗೆ, ಮನೆಮಂದಿಯಷ್ಟೇ ಕುಳಿತು ಹೋಗುವ ಚಿಕ್ಕ ವಿಮಾನಗಳ ವಿಷಯದಲ್ಲಿ ಜಿಜ್ಞಾಸೆ ಹುಟ್ಟುವುದು ಸಹಜ. ಒಂದು ಎಂಜಿನು ಕೆಟ್ಟರೆ ಇನ್ನೊಂದಿದೆಯೆಂಬ ಧೈರ್ಯದಿಂದ ಅನೇಕರು ಎರಡು ಎಂಜಿನುಗಳುಳ್ಳುದನ್ನೇ ಬಯಸುತ್ತಾರೆ. ಈ ಧೈರ್ಯವು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ದಿನ್ನೆ ಏರುವ ಬಂಡಿಯ ಒಂದು ಎತ್ತು ಕುಸಿದರೆ, ಇನ್ನೊಂದು ಅರ್ಧ ಭಾರವನ್ನು ನೆಟ್ಟಗೆ ಎಳೆಯಲಾರದು, ಬಂಡಿಯೇ ಓರೆಯಾಗುವುದು. ವಿಮಾನದ ಗತಿಯೂ ಹಾಗೆಯೇ. ಎಂಜಿನುಗಳು ಎಡಬಲದ ರೆಕ್ಕೆಗಳ ಮೇಲಿರುವುದರಿಂದ, ಒಂದು ನಿಂತೊಡನೆ ವಿಮಾನವು ಆ ಕಡೆಗೇ ತಿರುಗುವುದು. ಶಕ್ತಿಯು ಅರ್ಧವೇ ಹೋದರೂ ಮೇಲೇರುವ ಸಾಮರ್ಥ್ಯವು ನೂರಕ್ಕೆ 80ರಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕುಗ್ಗುವುದು. ಏಕೆಂದರೆ ಉಳಿದ ಶಕ್ತಿಯ ಬಹುಭಾಗವು ಇಳಿಯದೆ ನಿಲ್ಲುವುದಕ್ಕೇ ಬೇಕು. ವೇಗವು ಗೊತ್ತಾದ ಮಿತಿಗಿಂತ ಇಳಿದರೆ ಚುಕ್ಕಾಣಿಯೂ ಸಾಲದೆ ವಿಮಾನವು ಮಗುಚಬಹುದು.

ಈಗ ಕೆಲವು ವಿಮಾನಗಳನ್ನು ಹೋಲಿಸಿ ನೋಡೋಣ. ಅಮೇರಿಕೆಯ ಬೀಚ್‌ಕ್ರಾಫ್ಟ್ ಬ್ಯಾರನ್ 58 ಆರು ಜನರದು. ಎಂಜಿನುಗಳು ತಲಾ 300 ಅಶ್ವಶಕ್ತಿಯವು. ತಾಸಿಗೆ ಸುಮಾರು 370 ಕಿಲೋಮೀಟರು ಓಡುವುದು, ಇಂಧನವನ್ನೂ ಹಾಗೆಯೇ ಕುಡಿಯುವುದು. ಪೈಪರ್ ಸೆನೆಕಾ 5ರಲ್ಲಿ ತಲಾ 220 ಅಶ್ವಶಕ್ತಿ. ಅದರ ಪಂಖಗಳು ಪರಸ್ಪರ ವಿರುದ್ಧವಾಗಿ ತಿರುಗುವುದರಿಂದ ಯಾವ ಎಂಜಿನು ನಿಂತರೂ ಅಪಾಯವು ಸಮಾನ. ಇಟಲಿಯ ಲುಯಿಜಿ ಪಾಸ್ಕಾಲೆಯು ರೂಪಿಸಿದ ಪಾರ್ಟೆನಾವಿಯಾ ಪಿ-68 ತಲಾ 200 ಅಶ್ವಶಕ್ತಿಯದು. ಚಕ್ರಗಳು ಮಡಚುವುದಿಲ್ಲ, ಆದುದರಿಂದ ರಚನೆಯು ಸರಳ. ಇದರ ಸಿ ಮಾದರಿಯನ್ನು 1990ರ ದಶಕದಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಯು ಕಟ್ಟಿತೆಂಬುದು ಗಮನಾರ್ಹ.

ಇವೆಲ್ಲಕ್ಕೂ ವಿಶೇಷವಾದ ವಿಮಾನ ಪೆಟ್ರೋಲು ಬೇಕು. ಭಾರತದಲ್ಲಿ ವಡೋದರೆಯ ಶುದ್ಧೀಕರಣಾಗಾರವು 2022ರಿಂದ ಇದನ್ನು ತಯಾರಿಸುತ್ತಿದ್ದರೂ ಇದು ಎಲ್ಲೆಡೆ ಸಿಕ್ಕುವುದಿಲ್ಲ. ಆಸ್ಟ್ರಿಯದ ನಾಲ್ಕು ಜನರ ಡೈಮಂಡ್ ಡಿಎ-42 ದೊಡ್ಡ ಜೆಟ್ ವಿಮಾನಗಳ ಇಂಧನದಿಂದಲೇ ಓಡುವುದು. ಪಾಸ್ಕಾಲೆಯೇ ಮುಂದೆ ರೂಪಿಸಿದ ಟೆಕ್ನಾಮ್ ಪಿ-2006ಟಿ, ತಲಾ 100 ಅಶ್ವಶಕ್ತಿಯದಾಗಿ, ಉತ್ತಮ ದರ್ಜೆಯ ಮೋಟಾರು ಪೆಟ್ರೋಲಿನಿಂದಲೂ ನಡೆಯುವುದು. ಮಿತವ್ಯಯವನ್ನು ನೋಡುವವರಿಗೆ ಈ ಎರಡು ಮೇಲು. ವೇಗವನ್ನೂ ಹೆಚ್ಚು ಜನರನ್ನೂ ಬಯಸುವವರಿಗೆ ಬ್ಯಾರನ್ ಮೇಲು.

ಆದರೆ ಕೊಳ್ಳುವವರೂ ಬಾಡಿಗೆಗೆ ಹಿಡಿಯುವವರೂ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಹುಬ್ಬಳ್ಳಿಯ ನಿಲ್ದಾಣವು ಸಮುದ್ರಮಟ್ಟಕ್ಕಿಂತ ಸುಮಾರು 660 ಮೀಟರು ಎತ್ತರದಲ್ಲಿದೆ. ಬೇಸಗೆಯಲ್ಲಿ ಅಲ್ಲಿನ ಗಾಳಿ ಇನ್ನಷ್ಟು ತೆಳುವಾಗುವುದು. ಮಂದಿ, ಸಾಮಾನು, ಇಂಧನ ಎಲ್ಲವೂ ತುಂಬಿದಾಗ ಅಲ್ಲಿಂದ ಒಂದೇ ಎಂಜಿನಿನ ಮೇಲೆ ಈ ವಿಮಾನವು ಏರಬಲ್ಲುದೇ? ಏರಲಾರದಾದರೆ ಒಬ್ಬರನ್ನಾಗಲಿ ಎರಡು ಪೆಟ್ಟಿಗೆಗಳನ್ನಾಗಲಿ ಇಳಿಸುವುದೇ ಲೇಸು. ಚಾಲಕನೂ ಒಂದೇ ಎಂಜಿನಿನಿಂದ ಹಾರುವ ಅಭ್ಯಾಸವನ್ನು ಆಗಾಗ್ಗೆ ಮಾಡಿರಬೇಕು. ಅಭ್ಯಾಸವಿದ್ದರೆ ಎರಡನೆಯ ಎಂಜಿನು ಆಪತ್ತಿಗಾಗುವ ಬಂಧು. ಇಲ್ಲವಾದರೆ ಬರಿಯ ಭಾರ.