ಮೊದಲ ಮನೆಯ ದಾರಿ: ಹಾರೂಗೇರಿ ಕ್ರಾಸಿನಿಂದ ಪುರಸಭೆಯವರೆಗೆ

ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ ಜಿಲ್ಲೆ ರಾಯಬಾಗ ತಾಲೂಕಿನ ಹಾರೂಗೇರಿ ಕ್ರಾಸಿನಲ್ಲಿ ಬಸ್ಸಿಳಿದವರು ರಸ್ತೆ ದಾಟಲು ಬಹಳ ಹೊತ್ತು ಕಾಯಬೇಕು. ಜತ್ತ–ಜಾಂಬೋಟಿ ಹೆದ್ದಾರಿಯ ಮೇಲೆ ಎರಡೆರಡು ಟ್ರೇಲರ್ ಜಗ್ಗಿಕೊಂಡು ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿರುತ್ತವೆ. ಅದೇ ರಸ್ತೆಯ ಬದಿಗೆ ಸಿಮೆಂಟು, ಸಳಿ, ಪರ್ಸಿ, ಪತ್ರಾಸಿನ ಅಂಗಡಿಗಳು. ಈ ಎರಡೂ ವ್ಯಾಪಾರ ನಡೆಯುವುದು ಒಂದೇ ರೊಕ್ಕದ ಮೇಲೆ. ಕಾರ್ಖಾನೆಯಿಂದ ಬಿಲ್ಲು ಬಂದರೆ ಊರಲ್ಲಿ ಬುನಾದಿ ಏಳುತ್ತದೆ, ತಡವಾದರೆ ಗೋಡೆ ಲಿಂಟಲ್ ಮಟ್ಟಕ್ಕೆ ನಿಲ್ಲುತ್ತದೆ. ಪತ್ರಾಸಿನ ಸೂರಿನಡಿ ಇರುವ ಒಂದು ಕುಟುಂಬ ಇಲ್ಲಿ ಮೊದಲ ಸಲ ಸ್ಲ್ಯಾಬಿನ ಮನೆ ಕಟ್ಟಬೇಕೆಂದರೆ ಯಾರ ಬಾಗಿಲಿಗೆ ಹೋಗಬೇಕು, ಸರ್ಕಾರ ಎಷ್ಟು ಕೊಡುತ್ತದೆ, ಬ್ಯಾಂಕು ಏನು ಕೇಳುತ್ತದೆ, ದಾರಿ ಎಲ್ಲಿ ಕಟ್ಟಾಗುತ್ತದೆ ಎಂದು ನೋಡುತ್ತ ಕ್ರಾಸಿನಿಂದ ಊರೊಳಗೆ ನಡೆದೆ.

ಮೊದಲು ಕಣ್ಣಿಗೆ ಬೀಳುವುದು ಪ್ಲಾಟುಗಳು. ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ನಡುವೆ ದಾರಿ ಬಿಟ್ಟಿರುತ್ತಾರೆ. ಕೆಲವು ಎನ್‌ಎ ಆದವು. ಅಂದರೆ ಕೃಷಿಯೇತರ ಬಳಕೆಗೆ ಆದೇಶವಾಗಿ, ವಿನ್ಯಾಸಕ್ಕೆ ಮಂಜೂರಾತಿ ಸಿಕ್ಕವು. ಉಳಿದವು ಗುಂಟೆ ಲೆಕ್ಕದಲ್ಲಿ ಮಾರುವಂಥವು. ಒಂದು ಗುಂಟೆಗೆ 1,089 ಚದರ ಅಡಿ, ಒಂದು ಸಣ್ಣ ಮನೆಗೆ ಧಾರಾಳ ಸಾಕು. ಬೆಲೆಯೂ ಎನ್‌ಎ ಪ್ಲಾಟಿಗಿಂತ ಕಡಿಮೆ. ಆದ್ದರಿಂದಲೇ ಮೊದಲ ಸಲ ಜಾಗ ಕೊಳ್ಳುವ ಬಡವರು ಇದಕ್ಕೇ ಕೈ ಹಾಕುತ್ತಾರೆ. ಬಾಂಡ್ ಪೇಪರಿನ ಮೇಲೆ ಕರಾರು, ಇಬ್ಬರು ಸಾಕ್ಷಿ, ಮುಂಗಡ, ಅಷ್ಟೇ. ಕಲ್ಲಿನ ಹತ್ತಿರ ನಿಂತಿದ್ದ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹೇಳಿದ: "ಜಾಗಾ ನಮ್ದs ಐತ್ರಿ, ರೊಕ್ಕಾ ಪೂರಾ ಕೊಟ್ಟೇವಿ. ಉತಾರಾದಾಗ ಮಾತ್ರ ಇನ್ನಾ ಹಳೇ ಮಾಲಕನ ಹೆಸರ ಐತಿ."

ಈ ಒಂದು ಮಾತಿನಲ್ಲಿ ಮುಂದಿನ ತೊಂದರೆಯೆಲ್ಲ ಇದೆ. ಉತಾರಾದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿಲ್ಲದಿದ್ದರೆ ಇ-ಖಾತೆ ಆಗುವುದಿಲ್ಲ. ಇ-ಖಾತೆ ಇಲ್ಲದೆ ಖರೀದಿ ನೋಂದಣಿ ಆಗುವುದಿಲ್ಲ. 2024ರ ಅಕ್ಟೋಬರಿನಿಂದ ರಾಜ್ಯದಾದ್ಯಂತ ಇದು ಕಡ್ಡಾಯ. ನೋಂದಣಿ ಇಲ್ಲದ ಜಾಗದ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಸರ್ಕಾರದ ಮನೆಯೂ ಮಂಜೂರಾಗುವುದಿಲ್ಲ. ಹೊಲದ ಮಾಲೀಕ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಅಂದರೆ ಪಿಕೆಪಿಎಸ್‌ನಲ್ಲಿ ಎತ್ತಿದ ಬೆಳೆಸಾಲದ ಬೋಜಾ (ಋಣಭಾರ) ಅದೇ ಉತಾರಾದ ಮೇಲೆ ಕೂತಿದ್ದರಂತೂ ಕೊಂಡವನು ಪರರ ಸಾಲದ ನೆರಳಲ್ಲೇ ಮನೆ ಕಟ್ಟಿದಂತೆ. ಜಾಗ ನೋಡಲು ಹೋಗುವ ಮೊದಲು ಸರ್ವೆ ನಂಬರ್ ಕೇಳಿಕೊಂಡು ಉತಾರಾ ತೆಗೆಸಿ ನೋಡಿ, ಬೋಜಾದ ಕಾಲಂ ಓದಿಸಿ ಎಂದು ಈ ಭಾಗದ ಪ್ರತಿ ಮನೆಗೂ ಹೋಗಿ ಹೇಳಬೇಕೆನಿಸುತ್ತದೆ. ಅದಕ್ಕೆ ಆಗುವ ಖರ್ಚು ಒಂದು ಹೊತ್ತಿನ ಚಹಾದಷ್ಟೂ ಇಲ್ಲ.

ನೋಂದಣಿಯ ಖರ್ಚನ್ನೂ ಮೊದಲೇ ತೆಗೆದಿಡಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಎಲ್ಲ ಸೇರಿ ನೂರಕ್ಕೆ ಏಳೂವರೆಗಿಂತ ಹೆಚ್ಚು. 5 ಲಕ್ಷದ ಪ್ಲಾಟಿಗೆ ಸುಮಾರು 38 ಸಾವಿರ ಕೈಯಿಂದಲೇ ಹೋಗುತ್ತದೆ.

ಹಾರೂಗೇರಿ ಮೊದಲು ಗ್ರಾಮ ಪಂಚಾಯಿತಿ, ಈಗ ಪುರಸಭೆ. ಮನೆ ಕಟ್ಟುವವರಿಗೆ ಇದು ಬರೀ ಬೋರ್ಡು ಬದಲಾದ ಸಂಗತಿಯಲ್ಲ. ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳುತ್ತಿದ್ದರು. ಪುರಸಭೆಯಲ್ಲಿ ಇ-ಆಸ್ತಿಯ ನಮೂನೆ 3 ಬೇಕು. ಮಂಜೂರಾತಿ ಇಲ್ಲದ ಬಡಾವಣೆಗಳಿಗೆ 2025ರ ಫೆಬ್ರುವರಿಯಿಂದ ಬಿ-ಖಾತೆ ಕೊಡುವ ಅಭಿಯಾನ ನಡೆಯಿತು. ತೆರಿಗೆ ಕಟ್ಟಲು, ಜಾಗ ಲೆಕ್ಕಕ್ಕೆ ಸೇರಲು ಅದು ಒಳ್ಳೆಯದೇ. ಆದರೆ ಬಿ-ಖಾತೆ ಕೈಗೆ ಬಂದ ಕೂಡಲೇ ಗೃಹಸಾಲ ಸಿಕ್ಕಿತು ಎಂದುಕೊಳ್ಳಬಾರದು. ಬಹಳಷ್ಟು ಬ್ಯಾಂಕುಗಳು ಅದನ್ನು ಒಪ್ಪುವುದಿಲ್ಲ.

ಪಟ್ಟಣವಾದ ಮೇಲೆ ಯೋಜನೆಯೂ ಬದಲಾಗುತ್ತದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0, 2011ರ ಜನಗಣತಿಯ ನಂತರ ಪಟ್ಟಣವೆಂದು ಘೋಷಣೆಯಾದ ಊರುಗಳಿಗೂ ಅನ್ವಯಿಸುತ್ತದೆ. ಸ್ವಂತ ಜಾಗ ಇದ್ದು, ಕುಟುಂಬದ ವರ್ಷದ ಆದಾಯ 3 ಲಕ್ಷದೊಳಗಿದ್ದು, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇಲ್ಲದವರಿಗೆ ಕೇಂದ್ರದ್ದು 1.5 ಲಕ್ಷ, ರಾಜ್ಯದ್ದು ಕನಿಷ್ಠ 1 ಲಕ್ಷ. ಮನೆಯ ಒಳ ಅಳತೆ 30ರಿಂದ 45 ಚದರ ಮೀಟರ್. ಮನೆಯೊಡತಿಯ ಹೆಸರಿಗೆ, ಇಲ್ಲವೇ ಗಂಡ–ಹೆಂಡತಿ ಇಬ್ಬರ ಹೆಸರಿಗೆ ಆಗಬೇಕೆಂಬುದು ಯೋಜನೆಯ ಆಶಯ. ರಾಜ್ಯದ ವಾಜಪೇಯಿ ನಗರ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಗಳ ಲೆಕ್ಕವೂ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕವೇ ನಡೆಯುತ್ತದೆ. ಪಟ್ಟಣದ ಫಲಾನುಭವಿಗಳ ಪಟ್ಟಿಗೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಇದೆ. ಹಾರೂಗೇರಿ ಕುಡಚಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಆಶ್ರಯ ಯೋಜನೆ ಶುರುವಾದದ್ದು 1991–92ರಲ್ಲಿ. ಇವತ್ತಿಗೂ ಇಲ್ಲಿ ಯಾವ ಯೋಜನೆಯ ಮನೆಯಾದರೂ ಜನರ ಬಾಯಲ್ಲಿ ಅದು "ಆಶ್ರಯ ಮನಿ"ಯೇ.

ಅಂಥ ಒಂದು ಮನೆಯ ಬುನಾದಿ ಮುಗಿದಿತ್ತು. ಕಪ್ಪು ಕಲ್ಲಿನ ಕಟ್ಟಡ, ಮೇಲೆ ಹಾಸಿದ ಕಾಂಕ್ರೀಟು ಇನ್ನೂ ಹಸಿ, ಅದರ ಮೇಲೆ ಒದ್ದೆ ಗೋಣಿಚೀಲ. ಮನೆಯೊಡತಿ ಕೊಡ ಹಿಡಿದು ನೀರು ಹೊಡೆಯುತ್ತಿದ್ದರು. "ಮೊದಲ ನಾವು ಹಾಕಬೇಕ್ರಿ, ಆಮ್ಯಾಲ ಅವರು ಕೊಡ್ತಾರ" ಎಂದರು. ಯೋಜನೆಯ ಹಣ ಬರುವ ರೀತಿಯೇ ಹಾಗೆ. ಬುನಾದಿ, ಲಿಂಟಲ್, ಛತ್ತು, ಪೂರ್ಣ ಎಂದು ಹಂತಗಳಿವೆ. ಹಂತ ಮುಗಿದ ಮೇಲೆ ಸಿಬ್ಬಂದಿ ಬಂದು ಮೊಬೈಲಿನ ಆ್ಯಪಿನಲ್ಲಿ ಜಿಪಿಎಸ್ ಫೋಟೋ ತೆಗೆಯುತ್ತಾರೆ. ಮನೆಯ ಜೊತೆ ಫಲಾನುಭವಿಯೂ ಅದರಲ್ಲಿ ಕಾಣಬೇಕು. ಫೋಟೋ ಒಪ್ಪಿತವಾದ ಮೇಲೆ ಆಧಾರ್ ಜೋಡಿಸಿದ ಖಾತೆಗೆ ಕಂತು ಬೀಳುತ್ತದೆ. ವಾಸ್ತು ನೋಡಿ, ಭಾವಕಿ (ದಾಯಾದಿ) ಜಗಳ ನೋಡಿ ಮನೆಯನ್ನು ಪಕ್ಕದ ಜಾಗಕ್ಕೆ ಸರಿಸಿದರೆ ಮುಂದಿನ ಫೋಟೋದ ಸ್ಥಳ ಹಿಂದಿನದಕ್ಕೆ ತಾಳೆಯಾಗದೆ ಕಂತು ನಿಲ್ಲುತ್ತದೆ. ಹಾಗಾಗಿ ಮನೆ ಎಲ್ಲಿ ಎಂಬ ತೀರ್ಮಾನ ಮೊದಲ ಗುದ್ದಲಿಗೂ ಮುಂಚೆ ಆಗಬೇಕು.

ಪಕ್ಕದಲ್ಲಿದ್ದ ಗೌಂಡಿಯನ್ನು ಕೇಳಿದೆ, "ಕಾಕಾ, ಇಷ್ಟು ಮನೆಗೆ ಎಷ್ಟು ಹಿಡೀತದ?" ಅವರು ಕಟ್ಟಿಗೆಯ ಚೂರಿನಿಂದ ಉಸುಕಿನ ಮೇಲೆ ಬರೆದು ತೋರಿಸಿದರು. 30 ಚದರ ಮೀಟರ್ ಅಂದರೆ 323 ಚದರ ಅಡಿ. ಚದರ ಅಡಿಗೆ ಅವರು ಹಿಡಿದದ್ದು 1,800 ರೂಪಾಯಿ. 5 ಲಕ್ಷ 81 ಸಾವಿರ. ಅದರಲ್ಲಿ ಎರಡೂವರೆ ಲಕ್ಷ ಕಳೆದು, ಉಳಿದ 3 ಲಕ್ಷ 31 ಸಾವಿರದ ಕೆಳಗೆ ಗೆರೆ ಎಳೆದು, ಚೂರನ್ನು ಅಲ್ಲೇ ಇಟ್ಟರು.

ನನಗೆ ಅತಿ ಮುಖ್ಯವೆನಿಸಿದ್ದು ಆ ಗೆರೆಯ ಕೆಳಗಿನ ಮೊತ್ತ. ಯೋಜನೆಯ ಪ್ರಚಾರವೆಲ್ಲ ಎರಡೂವರೆ ಲಕ್ಷದ ಬಗ್ಗೆ. ಬಡವರ ಮನೆಯ ಹಣೆಬರಹ ನಿರ್ಧಾರವಾಗುವುದು ಉಳಿದ ಮೂರು ಚಿಲ್ಲರೆ ಲಕ್ಷ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ. ಭಿಶಿ (ಚೀಟಿ) ಎತ್ತುತ್ತಾರೆ, ಬಂಗಾರ ಅಡ ಇಡುತ್ತಾರೆ, ಕೈಗಡ ತರುತ್ತಾರೆ. ನೂರಕ್ಕೆ ತಿಂಗಳಿಗೆ ಮೂರರಂತೆ ತಂದರೆ 3.31 ಲಕ್ಷಕ್ಕೆ ಬಡ್ಡಿಯೇ ತಿಂಗಳಿಗೆ 9,930 ರೂಪಾಯಿ. ಅಸಲು ಒಂದು ಪೈಸೆ ಕರಗುವುದಿಲ್ಲ. ಅಷ್ಟನ್ನೇ ಬ್ಯಾಂಕಿನಿಂದ ವರ್ಷಕ್ಕೆ ನೂರಕ್ಕೆ 9ರ ಬಡ್ಡಿಯಲ್ಲಿ 12 ವರ್ಷಕ್ಕೆ ಪಡೆದರೆ ಅಸಲು–ಬಡ್ಡಿ ಕೂಡಿ ತಿಂಗಳ ಕಂತು ಸುಮಾರು 3,770. ಅದೇ ಮನೆ, ಅದೇ ಗೋಡೆ. ತಿಂಗಳಿಗೆ ಆರು ಸಾವಿರ ರೂಪಾಯಿಗೂ ಮೀರಿದ ಅಂತರ.

ಹಾಗಿದ್ದರೆ ಬ್ಯಾಂಕಿಗೇ ಏಕೆ ಹೋಗುವುದಿಲ್ಲ? ಹೋಗುತ್ತಾರೆ. ಬ್ಯಾಂಕು ಸಂಬಳದ ಚೀಟಿ ಕೇಳುತ್ತದೆ, ಇಲ್ಲವೇ ಎರಡು–ಮೂರು ವರ್ಷದ ಆದಾಯ ತೆರಿಗೆ ವಿವರ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ್ದರಿಂದ ರೈತ ವಿವರ ಸಲ್ಲಿಸಿರುವುದಿಲ್ಲ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಕಂಡ ರಾಯಬಾಗ ತಾಲೂಕಿನಲ್ಲಿ ಮೂರು ಎಕರೆ ಕಬ್ಬು ಇರುವ ಕುಟುಂಬ ಬಡವರ ಪಟ್ಟಿಗೆ ಸೇರುವುದು ಕಷ್ಟ. ಗ್ರಾಮೀಣ ಆವಾಸ್ ಯೋಜನೆಯಲ್ಲಂತೂ ಎರಡೂವರೆ ಎಕರೆ ಮತ್ತು ಅದಕ್ಕಿಂತ ಹೆಚ್ಚು ನೀರಾವರಿ ಇದ್ದವರನ್ನು ಹೊರಗಿಟ್ಟಿದ್ದಾರೆ. ಬ್ಯಾಂಕಿನ ಲೆಕ್ಕಕ್ಕೆ ಅದೇ ಕುಟುಂಬಕ್ಕೆ ಆದಾಯದ ಪುರಾವೆ ಇಲ್ಲ. ಈ ಭಾಗದ ಸಾವಿರಾರು ಮಧ್ಯಮ ರೈತರು ಹೀಗೆ ಎರಡೂ ಕಡೆಗೆ ಸಲ್ಲದೆ ನಿಂತಿದ್ದಾರೆ. ಕಾರ್ಖಾನೆ ಕೊಡುವ ಬಿಲ್ಲು, ಅದು ಜಮಾ ಆದ ಪಾಸ್‌ಬುಕ್ಕು, ಮೂರು ವರ್ಷದ ಬೆಳೆ ನಮೂದಾದ ಉತಾರಾ: ಇವು ಸಂಬಳದ ಚೀಟಿಗಿಂತ ಯಾವುದರಲ್ಲಿ ಕಡಿಮೆ? ಬ್ಯಾಂಕಿನ ವ್ಯವಸ್ಥಾಪಕರ ಮುಂದೆ ಇವನ್ನು ಜೋಡಿಸಿ ಇಡಬೇಕು, ಅವರೂ ಮನಸ್ಸಿಟ್ಟು ನೋಡಬೇಕು.

ಇನ್ನೊಂದು ಅಡ್ಡಿ ಕಂತಿನ ಕಾಲ. ಬ್ಯಾಂಕಿನ ಕಂತು ತಿಂಗಳು ತಿಂಗಳು ಬರುತ್ತದೆ. ಕಬ್ಬಿನ ಹಣ ಹಂಗಾಮಿನಲ್ಲಿ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಿಗಬೇಕು. ಆದರೂ 2025ರ ನವೆಂಬರಿನಲ್ಲಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯ ಮೇಲೆ ದಿನಗಟ್ಟಲೆ ಕೂರಬೇಕಾಯಿತು. ಕೊನೆಗೆ ಸರ್ಕಾರ 3,300ಕ್ಕೆ ತೀರ್ಮಾನಿಸಿತು. ದರವೇ ಹಂಗಾಮು ಶುರುವಾದ ಮೇಲೆ ನಿಕ್ಕಿಯಾಗುವ ಬೆಳೆಯನ್ನು ನಂಬಿದವರಿಗೆ ಪ್ರತಿ ತಿಂಗಳ 5ನೇ ತಾರೀಕು ಕಂತು ಕಟ್ಟು ಎನ್ನುವುದು ಅನ್ಯಾಯ. ಬೆಳೆಸಾಲಕ್ಕೆ ಸುಗ್ಗಿಯ ವಾಯಿದೆ ಇರುವಾಗ ರೈತನ ಗೃಹಸಾಲಕ್ಕೂ ಆರು ತಿಂಗಳ ಅಥವಾ ವರ್ಷದ ಕಂತು ಇರಬೇಕು. ಅರ್ಜಿ ಕೊಡುವಾಗಲೇ ಇದನ್ನು ಬರವಣಿಗೆಯಲ್ಲಿ ಕೇಳಿ. ಸಾಲ ಮಂಜೂರಾದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಪಿಕೆಪಿಎಸ್‌ನಿಂದ ಶೂನ್ಯ ಬಡ್ಡಿಯಲ್ಲಿ 5 ಲಕ್ಷದವರೆಗೆ ಬೆಳೆಸಾಲ ಸಿಗುತ್ತದೆಂದು ಅದನ್ನೇ ಗೋಡೆಗೆ ಹಾಕುವವರಿದ್ದಾರೆ. ವಾಯಿದೆಗೆ ಕಟ್ಟಲಾಗದಿದ್ದರೆ ಶೂನ್ಯ ಬಡ್ಡಿಯ ಸವಲತ್ತು ಹೋಗಿ, ಮುಂದಿನ ವರ್ಷದ ಬೀಜ–ಗೊಬ್ಬರಕ್ಕೂ ಸಾಲವಿಲ್ಲದಂತಾಗುತ್ತದೆ.

ಕೈಯಲ್ಲಿ ಸಂಬಳದ ಕೆಲಸವಿರುವ ಮಾಸ್ತರರು, ನರ್ಸುಗಳು, ಕಾರ್ಖಾನೆಯ ಕಾಯಂ ನೌಕರರಿಗೆ ಬೇರೊಂದು ದಾರಿ ಇದೆ. ನಗರ 2.0 ಯೋಜನೆಯ ಬಡ್ಡಿ ಸಹಾಯಧನ: ವರ್ಷದ ಆದಾಯ 9 ಲಕ್ಷದವರೆಗೆ, ಸಾಲ 25 ಲಕ್ಷದವರೆಗೆ, ಮನೆಯ ಬೆಲೆ 35 ಲಕ್ಷದವರೆಗೆ. ಸಾಲದ ಮೊದಲ 8 ಲಕ್ಷಕ್ಕೆ ನೂರಕ್ಕೆ 4ರಂತೆ, ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಜಮಾ ಆಗುತ್ತದೆ. ಎರಡೂವರೆ ಲಕ್ಷದ ನೆರವು ಪಡೆದವರಿಗೆ ಇದು ಸಿಗುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. 2022ಕ್ಕೆ ಮುಗಿದ ಹಳೆಯ ಯೋಜನೆಯಲ್ಲಿ 2.67 ಲಕ್ಷದವರೆಗೆ ಸಿಗುತ್ತಿತ್ತು. ಅದೇ ಅಂಕಿ ತೋರಿಸಿ ಕಮಿಷನ್ ಕೇಳುವ ಏಜಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಊರ ತುದಿ ದಾಟಿದರೆ ತೋಟದ ಮನೆಗಳು. ಈ ಸೀಮೆಯ ಅರ್ಧ ಬದುಕು ಇರುವುದೇ ಹೊಲದ ವಸ್ತಿಗಳಲ್ಲಿ. ಆ ಜಾಗ ಕೃಷಿ ಭೂಮಿಯಾದ್ದರಿಂದ ಮನೆಗೆ ಖಾತೆ ಇಲ್ಲ. ಖಾತೆ ಇಲ್ಲದ್ದರಿಂದ ಗೃಹಸಾಲವೂ ಇಲ್ಲ. ಸುತ್ತಲಿನ ಪಂಚಾಯಿತಿಗಳಲ್ಲಿ ಗ್ರಾಮೀಣ ಆವಾಸ್ ಯೋಜನೆಯ 1.20 ಲಕ್ಷ, ಉದ್ಯೋಗ ಖಾತರಿಯ 90 ದಿನದ ಕೂಲಿ, ಶೌಚಾಲಯಕ್ಕೆ 12 ಸಾವಿರ ಇದೆ. ನಗರದ ಎರಡೂವರೆ ಲಕ್ಷಕ್ಕೂ ಇದಕ್ಕೂ ಇರುವ ಅಂತರ ನನಗೆ ಸರಿ ಕಾಣುವುದಿಲ್ಲ. ಸಿಮೆಂಟು ಚೀಲದ ಬೆಲೆ ಪುರಸಭೆಯ ಗಡಿ ದಾಟಿದರೆ ಕಡಿಮೆಯಾಗುವುದಿಲ್ಲ.

ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ತಂದು ಮನೆ ಮುಗಿಸುವವರೂ ಇದ್ದಾರೆ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು; ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಬ್ಯಾಂಕಿಗೆ ಅಡವಾದ ಮನೆಯ ವಿಷಯದಲ್ಲೂ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು ಕೊಡದೆ ಮನೆಗೆ ಬೀಗ ಹಾಕುವಂತಿಲ್ಲ. ನೋಟಿಸು ಬಂದರೆ ಬಚ್ಚಿಡದೆ ತಕ್ಷಣ ವಕೀಲರಿಗೆ ತೋರಿಸಬೇಕು.

ಸಾಲ ತೀರಿದ ಮೇಲೆ ಮಾಡಬೇಕಾದ ಕೆಲಸ ಎರಡಿವೆ. ಮೂಲ ಕಾಗದಪತ್ರಗಳನ್ನು 30 ದಿನದೊಳಗೆ ವಾಪಸು ಕೊಡಬೇಕೆಂದು, ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಮಾಡಿದ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕಾಗದ ಎಣಿಸಿ, ಸಹಿ ಹಾಕಿ ತೆಗೆದುಕೊಳ್ಳಬೇಕು. ಆಮೇಲೆ ಬೇಬಾಕಿ ಪತ್ರ ಪಡೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೋಜಾ ಕಡಿಮೆ ಮಾಡಿಸಬೇಕು. ಬಹಳ ಮಂದಿ ಇದನ್ನು ಮುಂದಕ್ಕೆ ಹಾಕುತ್ತಾರೆ. ಮಗಳ ಮದುವೆಗೋ ಮೇಲಿನ ಮಹಡಿಗೋ ಮತ್ತೆ ಸಾಲ ಬೇಕಾದಾಗ ತೀರಿದ ಸಾಲ ಕಾಗದದಲ್ಲಿ ಇನ್ನೂ ಬಾಕಿ ಇರುತ್ತದೆ.